ದಹಿಸರದಿಂದ ತಾರಾಲಯದವರೆಗೆ

ಊರಿನಿಂದ ಬರುವ ನೆಂಟರಿಗೆ ನಮ್ಮ ವಿಳಾಸ ಬರೆದುಕೊಟ್ಟಾಗಲೆಲ್ಲ ಅವರು ಅದನ್ನು ಓದಿ, "ದಹಿಸರ್! ಇದೇನು ಮೊಸರಿನ ಊರೇನ್ರಿ?" ಎಂದು ನಗುವುದುಂಟು. ಹದಿನಾಲ್ಕು ವರ್ಷಗಳಿಂದ ಇದೊಂದೇ ವಿನೋದವನ್ನು ಕೇಳುತ್ತ ಬಂದಿರುವ ನಾನು, ಮೊದಲ ಸಲ ಕೇಳಿದವನಂತೆಯೇ ನಗುತ್ತೇನೆ. ಮೊಸರಿನ ಮಾತು ಹಾಗಿರಲಿ; ದಹಿಸರವೆಂದರೆ ಮುಂಬಯಿಯ ಬಡಗಣ ಬಾಗಿಲು. ಚೆಕ್‌ನಾಕಾ ದಾಟಿದಿರೋ, ಮೀರಾರೋಡು, ಭಾಯಂದರ; ಅದು ಬೇರೆ ಪಾಲಿಕೆ, ಬೇರೆ ಜಿಲ್ಲೆ. ಬೋರಿವಲಿ ಗಾಡಿ ನಮಗಿಂತ ಒಂದು ನಿಲ್ದಾಣ ಮೊದಲೇ ನಿಂತುಬಿಡುತ್ತದೆ. ಆದ್ದರಿಂದ ನಾವು ವಿರಾರ್ ಗಾಡಿಯನ್ನೇ ಹತ್ತಬೇಕು. ದೂರದ ವಿರಾರಿನವರಿಗೆ ನಡುವೆ ಇಳಿಯುವ ನಮ್ಮನ್ನು ಕಂಡರೆ ಅಷ್ಟಕ್ಕಷ್ಟೆ. ಸಂಜೆ ಆ ಗಾಡಿಯಿಂದ ದಹಿಸರದಲ್ಲಿ ಇಳಿದು ಬರುವುದೆಂದರೆ ಚಕ್ರವ್ಯೂಹದಿಂದ ಹೊರಬಂದ ಹಾಗೆ. ಅಭಿಮನ್ಯುವಿಗೆ ತಿಳಿಯದ ವಿದ್ಯೆಯನ್ನು ನಾವು ದಿನವೂ ಮಾಡಿ ತೋರಿಸುತ್ತೇವೆ!

ಊರಿಗೆ ಊರಿನದೇ ಆದ ಸೊಗಸೂ ಉಂಟು. ರಾಷ್ಟ್ರೀಯ ಉದ್ಯಾನದೊಳಗಿನ ತುಳಸಿ ಸರೋವರದ ಕಡೆಯಿಂದ ದಹಿಸರ್ ನದಿ ಇಳಿದು ಬರುತ್ತದೆ. ಕಾಡಿನಲ್ಲಿ ಅದು ನದಿ, ಊರೊಳಗೆ ಬಂದಮೇಲೆ ಗಟಾರ, ಮಳೆಗಾಲದಲ್ಲಿ ಮತ್ತೆ ನದಿ. ಬೋರಿವಲಿಯ ಕಡೆಗೆ ನಡೆದರೆ ಮಂಡಪೇಶ್ವರದ ಗುಹೆಗಳಿವೆ. ಒಳಗೆ ಬಂಡೆಯಲ್ಲಿ ಕೊರೆದ ನಟರಾಜ, ಮೇಲೆ ಪೋರ್ತುಗೀಜರ ಕಾಲದ ಇಗರ್ಜಿಯ ಪಾಳುಗೋಡೆ. 2022ರಿಂದ ಮೆಟ್ರೊ ರೈಲೂ ಬಂದಿದೆ. ಎಲ್ಲವೂ ಇದೆ, ಆದರೆ ಒಂದು ಇಲ್ಲ. ಅದು ಆಕಾಶ. ಸುತ್ತ ಎದ್ದಿರುವ ಕಟ್ಟಡಗಳ ನಡುವೆ ನಮ್ಮ ಪಾಲಿಗೆ ಬಂದಿರುವುದು ಒಂದು ಪಂಚೆಯಗಲದ ಬಾನು. ಹೆದ್ದಾರಿಯ ದೀಪಗಳ ಬೆಳಕಿನಲ್ಲಿ ಅದೂ ಕೆಂಪಗೆ ಮಾಸಿರುತ್ತದೆ. ಮಾಳಿಗೆಯ ಮೇಲೆ ನೀರಿನ ಟಾಕಿಯ ಪಕ್ಕದಲ್ಲಿ ನಿಂತು ನಾನೂ ನನ್ನ ಮಗಳೂ ಒಮ್ಮೆ ಎಣಿಸಿದ್ದೆವು. ಹನ್ನೊಂದು ನಕ್ಷತ್ರ ಸಿಕ್ಕವು. ಅವುಗಳಲ್ಲಿ ಒಂದು ಆಮೇಲೆ ವಿಮಾನವಾಗಿ ಹಾರಿಹೋಯಿತು.

ಇಂಥ ಊರಿನ ಒಬ್ಬ ಸಾಧಾರಣ ಗುಮಾಸ್ತ ನಾನು. ಊರು ಧಾರವಾಡದ ಕಡೆ; ಬಿ.ಎ.ಯಲ್ಲಿ ಇತಿಹಾಸ ಓದಿದವನು. ವಿಜ್ಞಾನಕ್ಕೂ ನನಗೂ ಹತ್ತನೆಯ ತರಗತಿಯಲ್ಲಿ ಸೋಡಚೀಟಿಯಾಗಿತ್ತು. ಹಾಗಿದ್ದವನು ಇಂದು ಆಕಾಶದ ವಿಷಯ ಬರೆಯಹೊರಟಿರುವುದೇಕೆ ಎಂದು ವಾಚಕರು ಕೇಳಿದರೆ, ಮಗಳ ಮುಂದೆ ಆದ ಒಂದು ಮಾನಭಂಗದಿಂದಲೇ ಕಥೆಯನ್ನು ತೊಡಗಬೇಕು.

2025ರ ಫೆಬ್ರವರಿ 28, ವಿಜ್ಞಾನ ದಿನ. ಮಗಳು ಅನಘಾ ಆಗ ಐದನೆಯ ತರಗತಿ. ತಮ್ಮ ತಮ್ಮ ಭಾಷೆಯ ವಿಜ್ಞಾನಿಯೊಬ್ಬರ ಬಗ್ಗೆ ಮಕ್ಕಳು ಐದೈದು ನಿಮಿಷ ಮಾತಾಡಬೇಕೆಂದು ತರಗತಿಯಲ್ಲಿ ಗೊತ್ತುಮಾಡಿದ್ದರು. ಮರಾಠಿ ಹುಡುಗ ನಾರಳೀಕರರನ್ನು ಹಿಡಿದ, ಗುಜರಾತಿ ಹುಡುಗಿ ವಿಕ್ರಂ ಸಾರಾಭಾಯಿಯವರನ್ನು, ತಮಿಳರ ಮನೆಯವಳು ರಾಮನ್ನರನ್ನು. "ಅಪ್ಪಾ, ನಮ್ಮವರು ಯಾರು?" ಎಂದು ಅನಘಾ ಕೇಳಿದಳು. ನಮ್ಮ ಕಛೇರಿಯಲ್ಲಿ ಬೆಂಗಳೂರಿನ ಹಿರಿಯರೊಬ್ಬರಿದ್ದರು. ಅವರು ಚಹದ ಹೊತ್ತಿನಲ್ಲಿ ಎಂದೋ ಹೇಳಿದ ಮಾತು ನೆನಪಾಯಿತು. "ವಿಶ್ವೇಶ್ವರ ಅಂತ ಬರಿ. ಕಪ್ಪುರಂಧ್ರದ ಗಂಟಿ ಬಾರಿಸಿದ ಕನ್ನಡಿಗ" ಎಂದೆ. ಎಂಥ ಗಂಟೆ, ಹೇಗೆ ಬಾರಿಸಿದರು ಎಂಬುದು ನನಗೇ ತಿಳಿಯದು. ಆದರೂ ಹೇಳಿದ ವಾಕ್ಯ ಚೆನ್ನಾಗಿದ್ದಿತಾದ್ದರಿಂದ ನಾನು ತೃಪ್ತನಾಗಿ ಪೇಪರು ಓದಲು ಕುಳಿತೆ.

ಮರುದಿನ ಸಂಜೆ ಮನೆಗೆ ಬಂದಾಗ ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. "ರೀ, ಮಧ್ಯಾಹ್ನದಿಂದ ಉಂಡಿಲ್ಲ ನೋಡ್ರಿ" ಎಂದಳು ನನ್ನವಳು. ನಡೆದದ್ದು ಇಷ್ಟು. ಅನಘಾ ಎದ್ದುನಿಂತು ನನ್ನ ವಾಕ್ಯವನ್ನು ಹೇಳಿದ್ದಾಳೆ. ಒಬ್ಬ ಹುಡುಗ, "ಆಕಾಶದಲ್ಲಿ ಗಾಳಿಯೇ ಇಲ್ಲವಲ್ಲ, ಗಂಟೆ ಹೇಗೆ ಕೇಳುತ್ತದೆ?" ಎಂದಿದ್ದಾನೆ. ಇವಳಿಗೆ ಉತ್ತರವಿಲ್ಲ. ಆಗ ಉಪಾಧ್ಯಾಯಿನಿ, "ನೀನು ಹೇಳುತ್ತಿರುವುದು ವಿಶ್ವೇಶ್ವರಯ್ಯನವರನ್ನಲ್ಲವೆ? ಅವರು ಅಣೆಕಟ್ಟು ಕಟ್ಟಿದ ಇಂಜಿನಿಯರು, ಗಂಟೆಯಲ್ಲ" ಎಂದು ತಿದ್ದಿದ್ದಾರೆ. ತರಗತಿಯೆಲ್ಲ ನಕ್ಕಿತು.

"ನಿನಗ ಗೊತ್ತಿಲ್ಲಂದ್ರ ಗೊತ್ತಿಲ್ಲ ಅನಬೇಕಪ್ಪಾ. ಇನ್ನ ಮ್ಯಾಲೆ ನಾ ಕನ್ನಡದವರ ಸುದ್ದಿ ಹೇಳಂಗಿಲ್ಲ" ಎಂದಳು. ಅಂದಿನಿಂದ ನಾನು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಹಿಂದಿಯಲ್ಲಿ. ಊರು ಬಿಟ್ಟು ಬಂದು ಮಕ್ಕಳನ್ನು ಬೆಳೆಸುತ್ತಿರುವ ವಾಚಕರಿಗೆ ಇದರ ನೋವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯೊಳಗಿನ ಭಾಷೆ ಒಂದೇ ದಿನದಲ್ಲಿ ಹೊರಟುಹೋಗುವುದಿಲ್ಲ. ಹೀಗೆ ಒಂದೊಂದೇ ಉತ್ತರವಾಗಿ ಹೋಗುತ್ತದೆ. ಅದೂ ನನ್ನ ಅರೆತಿಳಿವಿನ ದೆಸೆಯಿಂದ!

ಸಾಲ ಮಾಡಿದವನೇ ತೀರಿಸಬೇಕಷ್ಟೆ. ಮಾರ್ಚಿ ತಿಂಗಳೆಲ್ಲ ರಾತ್ರಿ ಕುಳಿತು ಓದಿದೆ. ಒಂದು ಭಾನುವಾರ ಮಗಳನ್ನು ವರ್ಳಿಯ ನೆಹರೂ ತಾರಾಲಯಕ್ಕೆ ಕರೆದುಕೊಂಡು ಹೋದೆ. 1977ರಿಂದ ಮುಂಬಯಿಯ ಮಕ್ಕಳಿಗೆ ನಕ್ಷತ್ರ ತೋರಿಸುತ್ತಿರುವ ಒಳ್ಳೆಯ ಜಾಗ ಅದು. ಹೊರಗಿನ ಫಲಕದಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಎಂದಿತ್ತು. ಅನಘಾ ಫಲಕವನ್ನೂ ನೋಡಿದಳು, ನನ್ನನ್ನೂ ನೋಡಿದಳು, ಮಾತಾಡಲಿಲ್ಲ. ಅಲ್ಲಿಯೇ ನಿಶ್ಚಯ ಮಾಡಿದೆ: ಈ ಬೇಸಗೆಗೆ ಬೆಂಗಳೂರು. ಅಲ್ಲಿ ಆಕಾಶವನ್ನು ಕನ್ನಡದಲ್ಲಿ ತೋರಿಸುವ ತಾರಾಲಯವೊಂದಿದೆ, ಮತ್ತು ಅದರ ಸ್ಥಾಪಕ ನಿರ್ದೇಶಕರು ಆ ಗಂಟೆಯ ವಿಶ್ವೇಶ್ವರರೇ ಎಂಬುದನ್ನು ಆ ಹೊತ್ತಿಗೆ ಓದಿ ತಿಳಿದಿದ್ದೆ. ಎಲ್‌ಟಿಸಿ ಬಾಕಿ ಇದ್ದಿತು, ಅಕ್ಕನ ಮನೆ ಮಲ್ಲೇಶ್ವರದಲ್ಲಿದ್ದಿತು. ಸಂಸಾರ ಸಮೇತ ಹೊರಟೇಬಿಟ್ಟೆವು.

ಮೇ ತಿಂಗಳ ಒಂದು ಬೆಳಿಗ್ಗೆ ದಹಿಸರದಿಂದ ಮೊದಲ ಗಾಡಿಗಳಲ್ಲೊಂದನ್ನು ಹಿಡಿದು ದಾದರಿಗೆ ಬಂದು, ಸೇತುವೆ ದಾಟಿ ಉದ್ಯಾನ್ ಎಕ್ಸ್‌ಪ್ರೆಸ್ ಏರಿದೆವು. ನನ್ನವಳು ಕಟ್ಟಿದ್ದ ಚಪಾತಿ, ಶೇಂಗಾಚಟ್ನಿಯ ಡಬ್ಬಿ ಲೋಣಾವಳದಲ್ಲಿಯೇ ಬಿಚ್ಚಿತು. ಮಗಳು ಕಿಟಕಿಯ ಬದಿ ಕುಳಿತಳು, ಮುಖ ಹೊರಗೆ. ಪುಣೆ ಬಂದಾಗ, "ಇಲ್ಲೇ ಐಯುಕಾ ಅಂತ ಒಂದು ಖಗೋಳ ಸಂಸ್ಥೆ ಐತಿ. ನಿನ್ನ ಗೆಳೆಯ ಹೇಳಿದ ನಾರಳೀಕರರು ಕಟ್ಟಿದ್ದು. ಗುರುತ್ವದ ಅಲೆಗಳನ್ನ ಗದ್ದಲದೊಳಗಿಂದ ಹೆಕ್ಕಿ ತೆಗೆಯೋ ಲೆಕ್ಕ ಇಲ್ಲಿ ಸಂಜೀವ ಧುರಂಧರ್ ಅನ್ನವರು ಮಾಡ್ಯಾರ" ಎಂದೆ. "ಅಚ್ಛಾ" ಎಂದಳು, ಅಷ್ಟೆ.

ಸೋಲಾಪುರ ದಾಟಿದ ಮೇಲೆ ನಾನು ಬೇರೆ ಉಪಾಯ ಹೂಡಿದೆ. ಹುಡುಗಿಗೆ ಲೆಕ್ಕವೆಂದರೆ ಪ್ರಾಣ. ಒಂದು ಕಾಗದದ ಮೇಲೆ ಬರೆದುಕೊಟ್ಟೆ: "ಒಬ್ಬನ ಹತ್ತಿರ 36 ಸೂರ್ಯರಿದ್ದರು, ಇನ್ನೊಬ್ಬನ ಹತ್ತಿರ 29. ಇಬ್ಬರೂ ಕೂಡಿಕೊಂಡರು. ಎಣಿಸಿದರೆ 62 ಮಾತ್ರ ಇದ್ದವು." ನಮ್ಮ ಕಛೇರಿಯಲ್ಲಾಗಿದ್ದರೆ ಕೂಡಲೆ ಆಡಿಟ್ ಆಕ್ಷೇಪಣೆ! ಅವಳು ಕಣ್ಣು ಕಿರಿದು ಮಾಡಿ ನೋಡಿ, "ತೀನ್ ಕಹಾಂ ಗಯೇ?" ಎಂದಳು. ಹಿಂದಿಯಾದರೇನು, ಪ್ರಶ್ನೆ ಬಂದಿತಲ್ಲ!

ಹೇಳತೊಡಗಿದೆ. ಆಕಾಶದಲ್ಲಿ ಕಪ್ಪುರಂಧ್ರಗಳೆಂಬವು ಇವೆ. ಬಹಳ ಭಾರವಾದ ನಕ್ಷತ್ರ ತನ್ನ ಉರುವಲು ಮುಗಿದಾಗ ತನ್ನ ತೂಕಕ್ಕೆ ತಾನೇ ಕುಸಿದು, ಬೆಳಕೂ ಹೊರಬರಲಾರದಷ್ಟು ಬಿಗಿಯಾಗಿ ಮುದುಡಿಬಿಡುತ್ತದೆ. ಅಂಥ ಎರಡು ರಂಧ್ರಗಳು ಒಂದನ್ನೊಂದು ಸುತ್ತುತ್ತ, ಹತ್ತಿರವಾಗುತ್ತ, ಸುಮಾರು 130 ಕೋಟಿ ಜ್ಯೋತಿರ್ವರ್ಷಗಳಾಚೆ ಡಿಕ್ಕಿ ಹೊಡೆದು ಒಂದಾದವು. ಕೊರತೆ ಬಿದ್ದ ಮೂರು ಸೂರ್ಯರ ತೂಕ ಶಕ್ತಿಯಾಗಿ ಮಾರ್ಪಟ್ಟು ಅಲೆಗಳ ರೂಪದಲ್ಲಿ ಹೊರಟಿತು. ನೀರಿನ ಅಲೆ ನೀರಿನಲ್ಲಿ ಏಳುತ್ತದೆ, ಸದ್ದಿನ ಅಲೆ ಗಾಳಿಯಲ್ಲಿ. ಇದು ಬಯಲಿನಲ್ಲೇ ಏಳುವ ಅಲೆ. ಹಾದುಹೋಗುವಾಗ ಸ್ಥಳವನ್ನೇ ಒಂದು ದಿಕ್ಕಿಗೆ ತುಸು ಹಿಗ್ಗಿಸಿ ಇನ್ನೊಂದು ದಿಕ್ಕಿಗೆ ತುಸು ಕುಗ್ಗಿಸುತ್ತದೆ. ಐನ್‌ಸ್ಟೈನರು ಇದನ್ನು 1916ರಲ್ಲಿಯೇ ಹೇಳಿದ್ದರು. "ಅದಕ್ಕೆ ಗಾಳಿ ಬೇಡ. ನಿಮ್ಮ ತರಗತಿಯ ಹುಡುಗ ಕೇಳಿದ್ದು ಖರೇ ಪ್ರಶ್ನೆ. ಉತ್ತರ ಅವತ್ತು ನನ್ನ ಹತ್ತಿರ ಇರಲಿಲ್ಲ, ತಪ್ಪು ನಂದು" ಎಂದೆ. ಹುಡುಗಿ ಮಾತಾಡಲಿಲ್ಲ, ಆದರೆ ಮುಖ ಕಿಟಕಿಯಿಂದ ಇತ್ತ ತಿರುಗಿತು.

ಆ ಅಲೆ ಭೂಮಿಯನ್ನು ಮುಟ್ಟಿದ್ದು 2015ರ ಸೆಪ್ಟೆಂಬರ್ 14, ಸೋಮವಾರ, ನಮ್ಮ ಗಡಿಯಾರದ ಪ್ರಕಾರ ಮಧ್ಯಾಹ್ನ 3 ಗಂಟೆ 20 ನಿಮಿಷಕ್ಕೆ. ನಾನಾಗ ಕಛೇರಿಯಲ್ಲಿ ಎರಡನೆಯ ಚಹ ಕುಡಿಯುತ್ತಿದ್ದಿರಬೇಕು. ಅನಘಾ ದಹಿಸರದ ಮನೆಯಲ್ಲಿ ತೊಟ್ಟಿಲ ಕೂಸು. ನಮ್ಮೆಲ್ಲರನ್ನೂ ಅದು ಹಿಗ್ಗಿಸಿ ಕುಗ್ಗಿಸಿ ಹೋಯಿತು. ಯಾರಿಗೂ ತಿಳಿಯಲಿಲ್ಲ, ಅಮೆರಿಕದ ಎರಡು ಯಂತ್ರಗಳಿಗೆ ಹೊರತು. ಲೈಗೋ ಎಂದು ಅವುಗಳ ಹೆಸರು. ಒಂದು ಲಿವಿಂಗ್‌ಸ್ಟನ್ನಿನಲ್ಲಿ, ಇನ್ನೊಂದು ಅಲ್ಲಿಂದ ಸುಮಾರು 3,000 ಕಿಲೋಮೀಟರು ದೂರದ ಹ್ಯಾನ್‌ಫರ್ಡಿನಲ್ಲಿ. ಒಂದೊಂದಕ್ಕೂ ನಾಲ್ಕು ಕಿಲೋಮೀಟರು ಉದ್ದದ ಎರಡು ತೋಳು. ತೋಳಿನ ಉದ್ದ ಎಷ್ಟು ಬದಲಾಯಿತೆಂದರೆ, ಪರಮಾಣುವಿನ ನಡುವಿನ ಪ್ರೋಟಾನಿನ ಅಗಲವನ್ನು ಸಾವಿರ ಪಾಲು ಮಾಡಿದರೆ ಕೆಲವೇ ಪಾಲಿನಷ್ಟು. ಅಷ್ಟನ್ನೂ ಹಿಡಿದರು. ಎಲ್ಲವೂ ಸುಮಾರು ಕಾಲು ಸೆಕೆಂಡಿನೊಳಗೆ ಮುಗಿದುಹೋಗಿತ್ತು.

"ಗಂಟಿ?" ಎಂದಳು ಅನಘಾ. ಎರಡು ತಿಂಗಳ ಮೇಲೆ ನನಗೆ ದೊರೆತ ಮೊದಲನೆಯ ಕನ್ನಡ ಮಾತು ಅದು. ಅದೂ ಧಾರವಾಡದ ಗಂಟಿ.

ನಮ್ಮ ಡಬ್ಬಿಗಳ ನಡುವೆ ನನ್ನ ತಾಯಿಯ ಕಾಲದ ಹಿತ್ತಾಳೆಯ ತಂಬಿಗೆಯೊಂದಿತ್ತು. ಅದನ್ನು ತೆಗೆದು ಚಮಚದಿಂದ ಬಾರಿಸಿದೆ, ಠಣ್ ಎಂದಿತು. ಬೆರಳಿನಿಂದ ಬಡಿದೆ, ಮೆಲ್ಲಗೆ, ಆದರೆ ಅದೇ ಠಣ್. ಚಮಚದಿಂದ ಹೊಡೆ, ಕೀಲಿಕೈಯಿಂದ ಹೊಡೆ, ಜೋರಾಗಿ ಹೊಡೆ, ಮೆಲ್ಲಗೆ ಹೊಡೆ, ತಂಬಿಗೆಯ ಸ್ವರ ತಂಬಿಗೆಯದೇ. ಆಮೇಲೆ ಸ್ಟೀಲಿನ ಲೋಟವನ್ನು ಬಾರಿಸಿದರೆ ಬೇರೆ ಸ್ವರ. ನಮ್ಮ ಅಜ್ಜಿಯರು ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳಿನಿಂದ ಬಡಿದು ನೋಡುತ್ತಿದ್ದುದು ಇದಕ್ಕಾಗಿಯೇ. ಒಳಗೆ ಹೊಕ್ಕು ನೋಡಲಾಗದ ವಸ್ತುವಿನ ಗುಣವನ್ನು ಅದರ ನಾದ ಹೇಳುತ್ತದೆ. ಎದುರಿನ ಸೀಟಿನ ಹಿರಿಯರೊಬ್ಬರು ಪ್ರಸಾದವಾದರೂ ಬಂದೀತೆಂದು ಎದ್ದು ಕುಳಿತರು!

ಇಲ್ಲಿ ನಮ್ಮ ವಿಶ್ವೇಶ್ವರರು ಬರುತ್ತಾರೆ. ಸಿ. ವಿ. ವಿಶ್ವೇಶ್ವರ ಹುಟ್ಟಿದ್ದು 1938ರ ಮಾರ್ಚ್ 6ರಂದು, ಬೆಂಗಳೂರಿನಲ್ಲಿ. ಅವರ ತಂದೆ ಸಿ. ಕೆ. ವೆಂಕಟರಾಮಯ್ಯನವರು ಕನ್ನಡದ ಹೆಸರಾಂತ ಲೇಖಕರು; 1947ರಲ್ಲಿ ಹರಪನಹಳ್ಳಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು. ಕನ್ನಡ ಬರೆಯುವ ಮನೆಯಲ್ಲಿ ಬೆಳೆದ ಹುಡುಗ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ, ಅಮೆರಿಕಕ್ಕೆ ಹೋದ. ಮೊದಲು ಕೊಲಂಬಿಯಾ, ಆಮೇಲೆ ಮೇರಿಲೆಂಡ್ ವಿಶ್ವವಿದ್ಯಾನಿಲಯ. ಅಲ್ಲಿ ಚಾರ್ಲ್ಸ್ ಮಿಸ್ನರ್ ಎಂಬ ಗುರುಗಳು. ಶಿಷ್ಯ ಕೈಗೆತ್ತಿಕೊಂಡ ವಸ್ತುವಿಗೆ ಆಗ ಸರಿಯಾದ ಹೆಸರೂ ಇರಲಿಲ್ಲ. ಕಪ್ಪುರಂಧ್ರವೆಂಬ ಹೆಸರು ಜಾನ್ ವೀಲರ್ ಅವರ ಬಾಯಿಂದ ರೂಢಿಗೆ ಬಂದದ್ದು 1967ರ ಮೇಲೆ. ಅಂಥದೊಂದು ನಿಜವಾಗಿ ಇದ್ದೀತೆಂದು ನಂಬಿದವರೂ ಕಡಿಮೆ. ಬರಿಯ ಗಣಿತದ ಗೊಂಬೆ ಎಂದವರೇ ಹೆಚ್ಚು.

ವಿಶ್ವೇಶ್ವರರು ಮೊದಲು ಕೇಳಿದ ಪ್ರಶ್ನೆ, ಮಗು ಆಟಿಕೆಯನ್ನು ಕಂಡು ಕೇಳುವ ಪ್ರಶ್ನೆಯೇ: ಇದನ್ನು ಅಲುಗಿಸಿದರೆ ಒಡೆದುಹೋಗುತ್ತದೆಯೇ, ನಿಲ್ಲುತ್ತದೆಯೇ? ಅಲುಗಿಸಿದರೆ ಚೂರಾಗುವಂಥದು ಲೋಕದಲ್ಲಿ ಬಾಳಲಾರದು. ಲೆಕ್ಕ ಮಾಡಿ, ತಿರುಗದ ಕಪ್ಪುರಂಧ್ರ ಅಲುಗಾಟವನ್ನು ತಾಳಿಕೊಂಡು ಮತ್ತೆ ಶಾಂತವಾಗುತ್ತದೆಂದು ತೋರಿಸಿದರು. 1968ರಲ್ಲಿ ಅವರಿಗೆ ಡಾಕ್ಟರೇಟ್ ಬಂದಿತು. ಎರಡನೆಯ ಪ್ರಶ್ನೆ ಇನ್ನೂ ಸೊಗಸಾದದ್ದು: ಕಣ್ಣಿಗೆ ಕಾಣದ ಈ ರಂಧ್ರವನ್ನು ಗುರುತಿಸುವುದು ಹೇಗೆ? ಗುರುತ್ವದ ಅಲೆಯೊಂದನ್ನು ಅದರ ಮೇಲೆ ಎಸೆದು, ಏನು ಮರಳಿ ಬರುತ್ತದೆಂದು ನೋಡೋಣ ಎಂದರು. ಎಸೆದದ್ದು ಕಾಗದದ ಮೇಲೆ, ಆ ಕಾಲದ ಗಣಕಯಂತ್ರದಲ್ಲಿ. ಅಲೆಯನ್ನು ಬೇರೆ ಬೇರೆ ಅಗಲ ಮಾಡಿ ಎಸೆದರು. ಅಗಲವಾದ ಅಲೆಗೆ ರಂಧ್ರ ಸುಮ್ಮನಿದ್ದಿತು. ಚಿಕ್ಕದಾಗಿ ಚೂಪಾಗಿ ಬಡಿದಾಗ ನಾದ ಹೊರಟಿತು: ಏರಿಳಿಯುತ್ತ, ಬೇಗ ಬೇಗ ಕ್ಷೀಣಿಸುತ್ತ. ಬಡಿದ ಅಲೆ ಯಾವುದಾದರೂ ಆ ನಾದ ರಂಧ್ರದ್ದೇ. ಅದು ರಂಧ್ರದ ತೂಕವನ್ನು ಅನುಸರಿಸಿ ಇರುತ್ತದೆ. ತಿರುಗುವ ರಂಧ್ರವಾದರೆ ತೂಕವನ್ನೂ ತಿರುಗುವ ವೇಗವನ್ನೂ ಅನುಸರಿಸಿ ಎಂಬುದನ್ನು ಮುಂದಿನವರು ತೋರಿಸಿದರು. ರಂಧ್ರ ಭಾರವಾದಷ್ಟೂ ಸ್ವರ ತಗ್ಗು. ಈ ಲೇಖನ 1970ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಚ್ಚಾಯಿತು.

"ಖರೇನೇ ಗಂಟಿ ಹಂಗ ಬಾರಸ್ತದೇನು, ಬಹಳ ಹೊತ್ತು?" ಎಂದಳು. ಇಲ್ಲ. ಕೈಯಲ್ಲಿ ಒತ್ತಿ ಹಿಡಿದ ತಾಟನ್ನು ಬಡಿದರೆ ಠಣ್ ಎಂದು ಒಡನೆ ಅಡಗುತ್ತದಲ್ಲ, ಹಾಗೆ. ನಾದದ ಶಕ್ತಿ ಅಲೆಯಾಗಿ ಹೊರಟುಹೋಗುವುದರಿಂದ ಒಂದು ಸೆಕೆಂಡಿನ ಸಾವಿರ ಪಾಲಿನಲ್ಲಿ ನಾಲ್ಕೈದು ಪಾಲಿನೊಳಗೇ ಬಹುಮಟ್ಟಿಗೆ ಕರಗುತ್ತದೆ. 2015ರಲ್ಲಿ ಲೈಗೋ ಹಿಡಿದ ಅಲೆಯ ಕೊನೆಯ ಸ್ವರ ಸೆಕೆಂಡಿಗೆ ಸುಮಾರು 250 ಕಂಪನ. ಅದನ್ನು ಸದ್ದಾಗಿ ಮಾರ್ಪಡಿಸಿ ಕೇಳಿದರೆ, ಹಾರ್ಮೋನಿಯಮ್ಮಿನ ಬಿಳಿ ಒಂದರ ಷಡ್ಜದ ಹತ್ತಿರ ಹತ್ತಿರ ಬರುತ್ತದೆ. ಹುಬ್ಬಳ್ಳಿ ಧಾರವಾಡದ ಕಡೆಯವರಾದ ನಮಗೆ ಅದೇನು ಅಪರಿಚಿತ ಸ್ವರವಲ್ಲ.

ಅಷ್ಟರಲ್ಲಿ ಕಲಬುರಗಿ, ವಾಡಿ, ಯಾದಗಿರಿ ಹಿಂದಾಗಿ ಕತ್ತಲು ಕವಿದಿತ್ತು. ಕೃಷ್ಣೆಯ ಸೇತುವೆ ದಾಟಿ ಸ್ವಲ್ಪ ದೂರ ಹೋದಮೇಲೆ ಸಿಗ್ನಲ್ ಇಲ್ಲದೆ ಗಾಡಿ ನಿಂತಿತು. ಸುತ್ತ ಒಂದು ದೀಪವಿಲ್ಲ, ಬರಿಯ ಹೊಲ. ಮಗಳ ಕೈ ಹಿಡಿದು ಬಾಗಿಲಿಗೆ ಕರೆದುಕೊಂಡು ಹೋದೆ. ಮೇಲೆ ನೋಡಿದಳು. ನಾನೂ ನೋಡಿದೆ. ಹಳ್ಳಿಯಲ್ಲಿ ಹುಟ್ಟಿದವನು ನಾನು. ಬಾಲ್ಯದಲ್ಲಿ ಮಾಳಿಗೆಯ ಮೇಲೆ ಅಜ್ಜನ ಪಕ್ಕದಲ್ಲಿ ಮಲಗಿ ಸಪ್ತರ್ಷಿಗಳನ್ನು ಎಣಿಸಿದವನು. ಹದಿನಾಲ್ಕು ವರ್ಷ ಮುಂಬಯಿಯಲ್ಲಿದ್ದು, ಇಷ್ಟಿರುತ್ತವೆಂಬುದನ್ನು ಮರೆತೇಬಿಟ್ಟಿದ್ದೆ.

"ಅಪ್ಪಾ, ಇಷ್ಟು ಅದಾವೇನು?" ಎಂದಳು.

"ಇದಾವ, ತಾಯಿ. ದಹಿಸರದಾಗೂ ಇಷ್ಟೇ ಇದಾವ. ಕಾಣಂಗಿಲ್ಲ ಅಷ್ಟ."

ಗಾಡಿ ಹೊರಡುವವರೆಗೂ ನಿಂತಿದ್ದೆವು.

ಬೆಂಗಳೂರಿನ ವಿಷಯ ಬಹಳ ಹೇಳುವುದಿಲ್ಲ. ಅಕ್ಕನ ಮನೆಯ ಉಪಚಾರ, "ಬಡವಾಗೀಯಲ್ಲೋ ತಮ್ಮಾ" ಎಂಬ ಅವಳ ನಿತ್ಯದ ಮಾತು, ಇವು ಎಲ್ಲರ ಮನೆಯಲ್ಲಿಯೂ ಇದ್ದದ್ದೇ. ಮೂರನೆಯ ದಿನ ತಾರಾಲಯಕ್ಕೆ ಹೋದೆವು. ಹೈಗ್ರೌಂಡ್ಸಿನಲ್ಲಿ, ಚೌಡಯ್ಯ ರಸ್ತೆಯ ಮೇಲೆ, ಮರಗಳ ನಡುವೆ ಬಿಳಿಯ ಗುಮ್ಮಟ. ಪಿಟೀಲು ಚೌಡಯ್ಯನವರ ಹೆಸರಿನ ರಸ್ತೆಯಲ್ಲಿಯೇ ಆಕಾಶದ ನಾದ ಹುಡುಕಿದವರ ಕಟ್ಟಡ! ಜವಾಹರಲಾಲ್ ನೆಹರೂ ತಾರಾಲಯ 1989ರಲ್ಲಿ ಆರಂಭವಾದದ್ದು. ವಿಶ್ವೇಶ್ವರರು 1976ರಲ್ಲಿ ಅಮೆರಿಕ ಬಿಟ್ಟು ಬಂದು ರಾಮನ್ ಸಂಶೋಧನಾ ಸಂಸ್ಥೆಯನ್ನು ಸೇರಿದ್ದರು. ಮುಂದೆ ಭಾರತೀಯ ಖಭೌತ ಸಂಸ್ಥೆಯಲ್ಲಿಯೂ ಇದ್ದರು. ಇದರ ನಡುವೆಯೇ ತಾರಾಲಯದ ಸ್ಥಾಪಕ ನಿರ್ದೇಶಕರಾದರು. ದೊಡ್ಡ ವಿದ್ವಾಂಸರು ಮಕ್ಕಳ ಕೆಲಸಕ್ಕೆ ಇಳಿಯುವುದು ಅಪರೂಪ, ಇಳಿದರೂ ಹೆಸರಿಗೆ. ಇವರು ಹಾಗಲ್ಲ. ಪ್ರದರ್ಶನಗಳಿಗೆ ತಾವೇ ಮಾತು ಬರೆಯುತ್ತಿದ್ದರು. ವ್ಯಂಗ್ಯಚಿತ್ರಗಳನ್ನೂ ಬಿಡಿಸುತ್ತಿದ್ದರು. ಸ್ನಾನದ ತೊಟ್ಟಿಯ ನೊರೆಯಲ್ಲಿ ಕಪ್ಪುರಂಧ್ರಗಳು ಎಂಬರ್ಥದ ಹೆಸರಿಟ್ಟು ಜನಸಾಮಾನ್ಯರಿಗಾಗಿ ಒಂದು ಇಂಗ್ಲಿಷ್ ಪುಸ್ತಕವನ್ನೂ ಬರೆದರು.

ಕನ್ನಡ ಪ್ರದರ್ಶನಕ್ಕೆ ಚೀಟಿ ಕೊಂಡೆವು. ತುಂಬ ಮಕ್ಕಳು. ಯಾವುದೋ ಹಳ್ಳಿಯ ಶಾಲೆಯವರು ಸಾಲಾಗಿ ಬಂದು ಕುಳಿತಿದ್ದರು, ತಲೆಗೆ ಎಣ್ಣೆ ಹಚ್ಚಿ, ಕೈಯಲ್ಲಿ ಬುತ್ತಿಯ ಚೀಲ. ದೀಪ ಆರಿತು. ಗುಮ್ಮಟದ ತುಂಬ ನಕ್ಷತ್ರ ಬಂದವು, ನೂರು ಮಕ್ಕಳ ಬಾಯಿಂದ ಒಟ್ಟಿಗೆ "ಓ..." ಎಂದು ಉಸಿರು ಹೊರಟಿತು. ಅದರಲ್ಲಿ ನನ್ನ ಮಗಳದೂ ಒಂದು. ಕತ್ತಲೆಯಲ್ಲಿ ಒಂದು ಕಂಠ ಕನ್ನಡದಲ್ಲಿ ಹೇಳತೊಡಗಿತು: ನಕ್ಷತ್ರ, ಗ್ರಹ, ಗುರುತ್ವ, ಜ್ಯೋತಿರ್ವರ್ಷ. ನನಗೆ ಕನ್ನಡವೆಂದರೆ ಮನೆ, ಹಬ್ಬ, ಹಾಡು, ಸಂಘದ ವಾರ್ಷಿಕೋತ್ಸವ. ಅನಘಾಳಿಗೆ ಅದು ಬೈಯುವ ಮತ್ತು ಊಟಕ್ಕೆ ಕರೆಯುವ ಭಾಷೆ. ಇಂಥ ವಿಷಯವನ್ನು ಆ ಭಾಷೆ ಇಷ್ಟು ನಿರಾಯಾಸವಾಗಿ ಹೇಳುವುದನ್ನು ಅವಳೂ ಕೇಳಿರಲಿಲ್ಲ, ನಾಚಿಕೆಯಿಂದ ಹೇಳುತ್ತೇನೆ, ನಾನೂ ಕೇಳಿರಲಿಲ್ಲ.

ಹೊರಗೆ ಮರದ ನೆರಳಿನ ಕಟ್ಟೆಯ ಮೇಲೆ ಕುಳಿತು ಉಳಿದ ಕಥೆ ಮುಗಿಸಿದೆ. 2016ರ ಫೆಬ್ರವರಿ 11ರಂದು ಅಲೆ ಸಿಕ್ಕ ಸುದ್ದಿಯನ್ನು ಲೋಕಕ್ಕೆ ಸಾರಿದರು. ಆ ಲೇಖನದ ಆಧಾರಗಳ ಪಟ್ಟಿಯಲ್ಲಿ ವಿಶ್ವೇಶ್ವರರ 1970ರ ಬರಹವೂ ಇದೆ. ಅಲೆಯ ಕೊನೆಯಲ್ಲಿ ಬಂದ ನಾದ ಅವರು ಹೇಳಿದ ಮಾದರಿಯದೇ. ಆ ನಾದದಿಂದಲೇ, ಉಳಿದದ್ದು ಬೇರೇನೂ ಅಲ್ಲ, ಒಂದು ಕಪ್ಪುರಂಧ್ರ ಎಂದು ಹೇಳಲು ಧೈರ್ಯ ಬರುವುದು. ನಮ್ಮ ಕಛೇರಿಯಲ್ಲಿ ನಲವತ್ತೈದು ವರ್ಷ ಬಿದ್ದ ಫೈಲನ್ನು ತೆರೆದರೆ ಧೂಳು ಏಳುತ್ತದೆ, ಗೆದ್ದಲು ಸಿಗುತ್ತದೆ, ಲೆಕ್ಕ ತಾಳೆಯಾದದ್ದನ್ನು ನಾನು ಕಂಡಿಲ್ಲ. ಇವರ ಲೆಕ್ಕ 130 ಕೋಟಿ ಜ್ಯೋತಿರ್ವರ್ಷ ದೂರದ ವೋಚರಿನೊಂದಿಗೆ ತಾಳೆಯಾಯಿತು. ಆಗ ಅವರಿಗೆ 77 ವರ್ಷ. ಕಣ್ಣಾರೆ ನೋಡಿದರು. ಒಂದು ವರ್ಷವೂ ತುಂಬುವ ಮೊದಲೇ, 2017ರ ಜನವರಿ 16ರಂದು, ತೀರಿಕೊಂಡರು. ಅದೇ ವರ್ಷ ಲೈಗೋ ಕಟ್ಟಿದ ರೈನರ್ ವೈಸ್, ಬ್ಯಾರಿ ಬ್ಯಾರಿಷ್, ಕಿಪ್ ಥಾರ್ನ್ ಮೂವರಿಗೆ ನೊಬೆಲ್ ಪಾರಿತೋಷಕ ಬಂದಿತು.

"ಇವರಿಗೆ ಕೊಡಲಿಲ್ಲೇನು?" ಎಂದಳು.

"ಇಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದು, ಗುಮ್ಮಟದ ಕಡೆ ನೋಡಿ, "ಇದು ಅದಲ್ಲ" ಎಂದಳು. ಇದು ಇದೆಯಲ್ಲ ಎಂದು ಅವಳ ಅಭಿಪ್ರಾಯ. ಹಳ್ಳಿಯ ಶಾಲೆಯ ಮಕ್ಕಳು ಆಗ ಹುಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಿದ್ದರು.

ದಹಿಸರಕ್ಕೆ ಮರಳಿದೆವು. ವಿರಾರ್ ಗಾಡಿ, ಕಛೇರಿ, ಮಳೆ, ನದಿಯ ನೀರು, ಎಲ್ಲವೂ ಯಥಾಪ್ರಕಾರ. ಕಥೆ ಅಲ್ಲಿಗೆ ಮುಗಿಯಬೇಕಾಗಿದ್ದಿತು. ಆದರೆ ಸೆಪ್ಟೆಂಬರಿನಲ್ಲಿ ಪೇಪರಿನಲ್ಲಿ ಒಂದು ಸುದ್ದಿ ಬಂದಿತು. 2025ರ ಜನವರಿ 14ರಂದು ಲೈಗೋ ಯಂತ್ರಗಳು ಹಿಂದಿನ ಎಲ್ಲಕ್ಕಿಂತ ಸ್ಫುಟವಾದ ಅಲೆಯೊಂದನ್ನು ಹಿಡಿದಿದ್ದವು. ಸ್ಪಷ್ಟತೆಯಲ್ಲಿ ಮೊದಲನೆಯದರ ಮೂರು ಪಟ್ಟು ಹೆಚ್ಚು. ಈ ಹತ್ತು ವರ್ಷಗಳಲ್ಲಿ ಅಂಥ ಡಿಕ್ಕಿಗಳು ಸುಮಾರು 300 ಸಿಕ್ಕಿವೆಯಂತೆ. ಈ ಸಲ ರಂಧ್ರದ ನಾದದಲ್ಲಿ ಮೂಲಸ್ವರದ ಜೊತೆಗೆ ಇನ್ನೊಂದು ಉಪಸ್ವರವೂ ಕೇಳಿಸಿತು, ತಂಬೂರಿಯ ಒಂದೇ ತಂತಿಯಲ್ಲಿ ಕಿವಿಯಿದ್ದವರಿಗೆ ಬೇರೊಂದು ಸ್ವರವೂ ಕೇಳುವಂತೆ. ಎರಡೂ ಒಂದೇ ತೂಕಕ್ಕೆ, ಒಂದೇ ವೇಗಕ್ಕೆ ಹೊಂದಿಕೊಂಡವು. ಜನವರಿ 14 ಯಾವ ದಿನವೆಂದು ಅನಘಾಳೇ ಮೊದಲು ಹೇಳಿದಳು: ಸಂಕ್ರಾಂತಿ! ಅಲೆ ಬಂದದ್ದು ಮಧ್ಯಾಹ್ನ ಎರಡಕ್ಕೆ ಎಂಟು ನಿಮಿಷ ಇರುವಾಗ. ಅದೇ ಹೊತ್ತಿಗೆ ಅವಳು ನೆರೆಯ ಮರಾಠಿ ಮನೆಗಳಿಗೆ ಎಳ್ಳುಬೆಲ್ಲ ಕೊಟ್ಟು ತಿಳಗುಳ ತರುತ್ತಿದ್ದಳು.

ಇನ್ನೊಂದು ಮಾತನ್ನು ಮುಂಬಯಿಯ ಕನ್ನಡಿಗರು ತಿಳಿದಿರಬೇಕು. ಇಂಥದೇ ನಾಲ್ಕು ಕಿಲೋಮೀಟರು ತೋಳಿನ ಯಂತ್ರವೊಂದು ಭಾರತದಲ್ಲಿಯೂ ಬರಲಿದೆ. ಜಾಗ ನಮ್ಮ ಮಹಾರಾಷ್ಟ್ರದಲ್ಲೇ, ಹಿಂಗೋಲಿ ಜಿಲ್ಲೆಯ ಔಂಢಾ ನಾಗನಾಥದ ಬಳಿ, ಜ್ಯೋತಿರ್ಲಿಂಗದ ಕ್ಷೇತ್ರವೆಂದು ಯಾತ್ರಿಕರು ಹೋಗುವ ಊರಿನಲ್ಲಿ. 2023ರಲ್ಲಿ ಕೇಂದ್ರ ಸರಕಾರ ಇದಕ್ಕೆ 2,600 ಕೋಟಿ ರೂಪಾಯಿ ಮಂಜೂರು ಮಾಡಿದೆ. ಒಂದೇ ಕಿವಿಯಿಂದ ಸದ್ದು ಎತ್ತಣಿಂದ ಬಂದಿತೆಂದು ತಿಳಿಯದು; ಭೂಮಿಯ ಬೇರೆ ಬೇರೆ ಮೂಲೆಗಳಲ್ಲಿ ಕಿವಿಗಳಿದ್ದಷ್ಟೂ ಅಲೆ ಹೊರಟ ದಿಕ್ಕು ಚೆನ್ನಾಗಿ ತಿಳಿಯುತ್ತದೆ. ನಾದದ ಲೆಕ್ಕ ಕನ್ನಡಿಗರದು, ಅದನ್ನು ಕೇಳುವ ಕಿವಿ ಮರಾಠವಾಡದ್ದು. ಎರಡು ರಾಜ್ಯಗಳ ನಡುವೆ ಬಾಳುವ ನಮ್ಮಂಥವರಿಗೆ ಇದಕ್ಕಿಂತ ಸಂತೋಷದ ಸುದ್ದಿ ಏನಿದೆ?

ನವೆಂಬರಿನಲ್ಲಿ ನಮ್ಮ ಸಂಘದ ರಾಜ್ಯೋತ್ಸವ. ಮಕ್ಕಳ ಕಾರ್ಯಕ್ರಮದಲ್ಲಿ ಯಾರು ಏನು ಮಾಡುತ್ತೀರೆಂದು ಕಾರ್ಯದರ್ಶಿಗಳು ಕೇಳಿದಾಗ ಅನಘಾ ತಾನು ಮಾತಾಡುತ್ತೇನೆಂದು ಹೆಸರು ಕೊಟ್ಟಳು. ನಾನು ಬರೆದುಕೊಡಲು ಹೋದರೆ, "ನೀ ಬ್ಯಾಡಪ್ಪಾ, ನಾ ಓದೀನಿ" ಎಂದಳು. ಅಂದು ವೇದಿಕೆಯ ಮೇಲೆ ದೇವರಮನೆಯ ಹಿತ್ತಾಳೆ ಗಂಟೆ, ಅಜ್ಜಿಯ ತಂಬಿಗೆ, ಒಂದು ಲೋಟ ಇಟ್ಟುಕೊಂಡು ನಿಂತಳು. ಮೊದಲು ಹೇಳಿದ್ದು ಇದು: "ವಿಶ್ವೇಶ್ವರಯ್ಯ ಬೇರೆ, ವಿಶ್ವೇಶ್ವರ ಬೇರೆ. ಇಬ್ಬರೂ ನಮ್ಮವರೇ." ಸಭೆ ನಕ್ಕಿತು, ಈ ಸಲ ಅವಳೂ ನಕ್ಕಳು. ಆಮೇಲೆ, ಆಕಾಶದಲ್ಲಿ ಗಾಳಿಯಿಲ್ಲದೆ ಗಂಟೆ ಹೇಗೆ ಬಾರಿಸುತ್ತದೆಂದು ತಾನೇ ಕೇಳಿ ತಾನೇ ಉತ್ತರ ಹೇಳಿದಳು. ನಡುವೆ ಎರಡು ಕಡೆ ಕನ್ನಡ ಶಬ್ದ ಸಿಗದೆ ತಡವರಿಸಿದಳು. ಮೂರನೆಯ ಸಾಲಿನಿಂದ ಯಾರೋ ಹಿರಿಯರು ಶಬ್ದವನ್ನು ಕೂಗಿ ಕೊಟ್ಟರು, ತೆಗೆದುಕೊಂಡು ಮುಂದುವರಿದಳು.

ಆ ಪ್ರಶ್ನೆ ಕೇಳಿದ ಹುಡುಗ ಈಗ ನಮ್ಮ ಮನೆಗೆ ಬರುತ್ತಾನೆ. ಇಬ್ಬರೂ ಕೂಡಿ ಮನೆಯಲ್ಲಿರುವ ಒಂದು ಪಾತ್ರೆಯನ್ನೂ ಬಿಡದೆ ಬಾರಿಸಿ ನೋಡುತ್ತಾರೆ. "ನಿಮ್ಮ ವಿಜ್ಞಾನಕ್ಕ ನನ್ನ ಭಾಂಡೆ ಎಲ್ಲಾ ನೆಗ್ಗಿ ಹೋದ್ವು" ಎಂದು ನನ್ನವಳು ಗೊಣಗುತ್ತಾಳೆ. ಅನಘಾ ಅವಳಿಗೆ ಉತ್ತರ ಕೊಡುತ್ತಾಳೆ, ಸ್ವಲ್ಪ ಹೆಚ್ಚೇ ಕೊಡುತ್ತಾಳೆ. ಕನ್ನಡದಲ್ಲಿ ಕೊಡುತ್ತಾಳಾದ್ದರಿಂದ ನಾನು ನಡುವೆ ಬಾಯಿ ಹಾಕುವುದಿಲ್ಲ.